ಭಾನುವಾರ ಮಾತ್ರ

ಶಶಿಧರ ಮಗಳ ಬಲಗೈಯನ್ನು ಗಟ್ಟಿ ಮಾಡುವ ಕೆಲಸಕ್ಕೆ ಇಳಿದದ್ದು ತನಗೆ ಬೇರೆ ಕೆಲಸ ಇಲ್ಲದ್ದರಿಂದ. ಅವನು ಇದನ್ನು ಒಪ್ಪುತ್ತಿರಲಿಲ್ಲ, ಬಿಡಿ. 2009ರ ಫೆಬ್ರವರಿಯಲ್ಲಿ ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಬಿಡಿಭಾಗಗಳ ಕಂಪನಿಯೊಂದು ಅವನಿದ್ದ ಡಿಸೈನ್ ವಿಭಾಗವನ್ನೇ ಮನೆಗೆ ಕಳಿಸಿತ್ತು. ಹೆಂಡತಿ ಸುಹಾಸಿನಿ ಬೆಳಗ್ಗೆ ಎದ್ದು ಆಸ್ಪತ್ರೆಯ ಲ್ಯಾಬಿಗೆ ಹೋಗುತ್ತಿದ್ದಳು. ಇವನು ಪಾತ್ರೆ ತೊಳೆದು, ಸಿಕ್ಕ ಸಿಕ್ಕ ಕಡೆ ಅಪ್ಲೈ ಮಾಡಿ, ಆಮೇಲೆ ಸ್ಕೂಲ್ ಬಸ್ಸಿನ ದಾರಿ ನೋಡುತ್ತ ಕಿಟಕಿಯಲ್ಲಿ ನಿಲ್ಲುತ್ತಿದ್ದ. ಹನ್ನೊಂದು ವರ್ಷದ ದೀಪ್ತಿ ಬಸ್ಸಿಳಿಯುವಷ್ಟರಲ್ಲಿ ಚೆಂಡು ಹಿಡಿದು ಹಿತ್ತಲಲ್ಲಿ ಹಾಜರಿರುತ್ತಿದ್ದ.

ದೀಪ್ತಿ ಊರಿನ ಮಕ್ಕಳ ಬೇಸ್‌ಬಾಲ್ ತಂಡದಲ್ಲಿದ್ದ ಒಬ್ಬಳೇ ಹುಡುಗಿ. ಬ್ಯಾಟು ಹಿಡಿದವರಿಗೆ ಚೆಂಡೆಸೆಯುವ ಪಿಚರ್ ಆಗಬೇಕೆಂಬುದು ಅವಳ ಆಸೆ. ಕೈಗೆ ಬಲ ಬರುವ ದಾರಿಯನ್ನು ಕೋಚ್ ಡೇವ್ ಹೇಳಿಕೊಟ್ಟಿದ್ದ: ರಬ್ಬರ್ ಪಟ್ಟಿ ಎಳೆಯುವುದು, ಹತ್ತಿರದಿಂದ ಮೆಲ್ಲಗೆ ಎಸೆಯಲು ಶುರುಮಾಡಿ ದೂರ ದೂರ ಹೋಗುವುದು, ಎಸೆದ ಮರುದಿನ ಕೈಗೆ ಪೂರ್ತಿ ವಿಶ್ರಾಂತಿ ಕೊಡುವುದು. ಮೊದಲ ಎರಡನ್ನು ಶಶಿಧರ ಒಪ್ಪಿದ. ಮೂರನೆಯದಕ್ಕೆ ನಕ್ಕುಬಿಟ್ಟ. ಮೈಸೂರಿನಲ್ಲಿ ಕಾಲೇಜು ಟೀಮಿಗೆ ಫಾಸ್ಟ್ ಬೌಲಿಂಗ್ ಮಾಡಿದವನು ಅವನು. ಅವನ ಅಮ್ಮನಂತೂ ಹಬ್ಬವಿರಲಿ, ಜ್ವರವಿರಲಿ, ಬೆಳಗಾದರೆ ವೀಣೆ ಹಿಡಿದು ಕೂತವರು.

"ಸಾಧಕ ಅಂದ್ರೆ ದಿನಾ ಮಾಡೋದು ಪುಟ್ಟಿ. ರೆಸ್ಟಂತೆ ರೆಸ್ಟು! ಸೋಮಾರಿಗಳು ಹೇಳೋ ಮಾತು" ಎಂದ. ಕೆಲಸವಿಲ್ಲದೆ ಮನೆಯಲ್ಲಿ ಕೂತವನ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತು ನೋಡಿ.

ಹಿತ್ತಲ ಬೇಲಿಗೆ ಕಟ್ಟಿದ ಹಳೇ ಕಂಬಳಿಗೆ ದಿನವೂ ಚೆಂಡು ಬೀಳತೊಡಗಿತು. ಚೆಂಡಿನ ವೇಗ ಹೆಚ್ಚಿದಾಗೆಲ್ಲ ಶಶಿಧರನಿಗೆ ತಾನೂ ಯಾವುದಕ್ಕೋ ಬೇಕಾದವನು ಅನ್ನಿಸುತ್ತಿತ್ತು. "ಇನ್ನೊಂದೇ ಒಂದು" ಎನ್ನುತ್ತಿದ್ದ. ಆ ಒಂದು ಮುಗಿಯುತ್ತಲೇ ಇರಲಿಲ್ಲ.

ಅವನ ಕೆಲಸ ಹೋದದ್ದು ಕನ್ನಡ ಕೂಟದ ಯಾರಿಗೂ ಗೊತ್ತಿರಲಿಲ್ಲ. ಅದೇ ತಂಡದಲ್ಲಿ ಮಗನಿದ್ದ ಚಂದ್ರಮೌಳಿ ಮೈದಾನದಲ್ಲಿ ಸಿಕ್ಕಿ, "ಏನ್ ಶಶಿಧರ್, ನಿಮ್ ಕಂಪ್ನೀಲಿ ಹೇಗಿದೆ?" ಎಂದು ಕೇಳಿದರೆ, "ಏನೋ ನಡೀತಿದೆ ಕಣ್ರೀ. ಉಸಿರಾಡಕ್ಕೂ ಪುರುಸೊತ್ತಿಲ್ಲ" ಎನ್ನುತ್ತಿದ್ದ. ದೀಪ್ತಿ ಪಕ್ಕದಲ್ಲೇ ನಿಂತಿರುತ್ತಿದ್ದಳು. ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳಿಗೆ ಕನ್ನಡ ತಿಳಿಯುವುದಿಲ್ಲವೆಂದು ಅಪ್ಪಂದಿರು ಹೇಗೋ ನಂಬಿಕೊಂಡಿರುತ್ತಾರೆ.

ಮೇ ತಿಂಗಳ ಒಂದು ಭಾನುವಾರ ಎಣ್ಣೆಸ್ನಾನ. ಸುಹಾಸಿನಿ ಮೊಣಕೈಗೆ ಬೆಚ್ಚಗಿನ ಎಣ್ಣೆ ಮುಟ್ಟಿಸಿದ್ದೇ ತಡ, ಹುಡುಗಿ ಕೈ ಕಿತ್ತುಕೊಂಡಳು.

"ರೀ, ನೋಡಿ ಇಲ್ಲಿ. ನೋವಾಗ್ತಿದೆ ಇವಳಿಗೆ."

"ಐ ಆಮ್ ಫೈನ್" ಎಂದಳು ದೀಪ್ತಿ, ಅಪ್ಪನ ಮುಖ ನೋಡುತ್ತ.

"ಫೈನ್ ಅಂತಾಳಲ್ಲ. ಬಲ ಬರೋವಾಗ ಸ್ವಲ್ಪ ನೋಯತ್ತೆ" ಎಂದ ಶಶಿಧರ. ಅನುಮಾನ ಬರದೇ ಇರಲಿಲ್ಲ. ಆದರೆ ನಾಳೆ ಬಸ್ಸು ಬಂದ ಮೇಲೆ ತಾನು ಏನು ಮಾಡುವುದು ಎಂಬ ದಿಗಿಲು ಅದಕ್ಕಿಂತ ದೊಡ್ಡದಿತ್ತು.

ಅದೇ ವಾರದ ಪಂದ್ಯಕ್ಕೆ ಕೋಚ್ ಅವಳನ್ನೇ ಪಿಚರ್ ಎಂದು ಆರಿಸಿದ. ಆಟಕ್ಕೆ ಮುಂಚೆ ಎಸೆದು ನೋಡುವಾಗ ಅವಳು ಮುಖ ಕಿವುಚಿದ್ದನ್ನು ಕಂಡು ಹತ್ತಿರ ಬಂದ. ಮೈದಾನದ ಬೇಲಿಯ ಈಚೆ ಶಶಿಧರ, ಅವನ ಪಕ್ಕದ ಮಡಚುಕುರ್ಚಿಯಲ್ಲಿ ಚಂದ್ರಮೌಳಿ. ಮನೆಯಲ್ಲಿ ವಾರಕ್ಕೆ ಎಷ್ಟು ದಿನ ಎಸೆಯುತ್ತೀಯ ಎಂದು ಕೋಚ್ ಕೇಳಿದ.

"ಓನ್ಲಿ ಸಂಡೇಸ್" ಎಂದಳು ದೀಪ್ತಿ. "ಮೈ ಡ್ಯಾಡ್ ಈಸ್ ರಿಯಲಿ ಬ್ಯುಸಿ ಅಟ್ ವರ್ಕ್."

ಹೌದಾ ಎಂಬಂತೆ ಕೋಚ್ ಶಶಿಧರನ ಕಡೆ ತಿರುಗಿದ. ಶಶಿಧರ ಹೌದೆಂದು ತಲೆಯಾಡಿಸಿದ. ತನ್ನ ಸುಳ್ಳನ್ನು ಮಗಳು ಹೊರುತ್ತಿದ್ದಾಳೆಂದು ತಿಳಿದು ನಾಚಿಕೆಯಿಂದ ಕಿವಿ ಸುಟ್ಟಿತು, ಆದರೂ ಬಾಯಿ ಬಿಡಲಿಲ್ಲ. ಚಂದ್ರಮೌಳಿ ಪಕ್ಕದಲ್ಲೇ ಇದ್ದನಲ್ಲ.

ದೀಪ್ತಿ ಮೈದಾನದ ನಡುವಿನ ದಿಬ್ಬದ ಮೇಲೆ ನಿಂತು ಮೊದಲ ಚೆಂಡು ಎಸೆದಳು. ಕೂಗಲಿಲ್ಲ. ಎಡಗೈಯಿಂದ ಬಲ ಮೊಣಕೈಯನ್ನು ಒತ್ತಿ ಹಿಡಿದು, ಬೇಲಿಯ ಬಳಿ ಅಪ್ಪನನ್ನು ಹುಡುಕಿ, ಅವನಿಗೆ ಕಾಣಲೆಂದು ನಕ್ಕಳು.

ಶಶಿಧರ ಗೇಟು ತಳ್ಳಿಕೊಂಡು ಮೈದಾನದೊಳಗೆ ನಡೆದುಬಿಟ್ಟ. ಅಂಪೈರ್ ಏನೋ ಕೂಗಿದ.

"ಎವೆರಿ ಡೇ" ಎಂದ ಕೋಚ್‌ಗೆ. ದನಿ ಬೇಡದಷ್ಟು ಜೋರಾಗಿ ಬಂತು. "ಶಿ ಥ್ರೋಸ್ ಎವೆರಿ ಡೇ. ಐ ಲಾಸ್ಟ್ ಮೈ ಜಾಬ್. ಐ ಮೇಕ್ ಹರ್."

ಕೋಚ್ ಅವಳ ಎಡಗೈಯಿಂದ ಗ್ಲೌಸು ಬಿಡಿಸಿಕೊಂಡ. ಡಾಕ್ಟರಿಗೆ ತೋರಿಸುವ ತನಕ ಬಲಗೈ ಚೆಂಡು ಮುಟ್ಟಬಾರದು ಎಂದನೇ ಹೊರತು ಮತ್ತೇನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು. ಚಂದ್ರಮೌಳಿ ಲೇಸು ಕಟ್ಟಿಕೊಳ್ಳುವವನಂತೆ ಬಗ್ಗಿದ. ಅವನ ಕಾಲಲ್ಲಿ ಇದ್ದದ್ದು ಚಪ್ಪಲಿ.

ಕಾರಿನಲ್ಲಿ ದೀಪ್ತಿ ಮೊಣಕೈಗೆ ಐಸಿನ ಚೀಲ ಒತ್ತಿಕೊಂಡು ಅಳುತ್ತಿದ್ದಳು.

"ತಪ್ಪಾಯ್ತು ಪುಟ್ಟಿ. ತುಂಬಾ ನೋಯ್ತಿದೆಯಾ?"

ಇಲ್ಲವೆಂದು ತಲೆಯಾಡಿಸಿದಳು.

"ನೋವಿದೆ ಅಂತ ಮುಂಚೇನೇ ಯಾಕೆ ಹೇಳ್ಲಿಲ್ಲ?"

ಅವಳು ಮೂಗೊರೆಸಿಕೊಂಡು, ಅಪರೂಪಕ್ಕೆ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ ಹೇಳಿದಳು.

"ನಾನು ಬಸ್ ಇಳಿದಾಗ ಮಾತ್ರ ನೀನು ನಗ್ತೀಯ. ನಾಳೆ ನೀನು ಏನ್ ಮಾಡ್ತೀಯ, ಅಪ್ಪಾ?"