ಬೀಳುವ ಆರು ಚಿತ್ರ

"ಏಯ್ ಕಸದವಳೇ! ಮೌಸ್ ಮುಟ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕು ನಿಂಗೆ? ಕಕ್ಕಸು ತೊಳೆಯೋ ಕೈ ಅದು!"

ಧಣಿ ಹೀಗೆ ಕಿರುಚಿದಾಗ ನಾನು ಮೌಸ್ ಮುಟ್ಟಿರಲಿಲ್ಲ. ಮೇಜು ಒರೆಸುತ್ತಾ ಪರದೆ ನೋಡಿ ನಕ್ಕಿದ್ದೆ, ಅಷ್ಟೇ. ಆ ಕಚೇರಿಯವರು ಮಾಡುತ್ತಿದ್ದ ವಿಡಿಯೋ ಗೇಮಿನಲ್ಲಿ ಇಟ್ಟಿಗೆ ಹೊತ್ತ ಹೆಂಗಸೊಬ್ಬಳು ನಡೆಯಬೇಕಿತ್ತು. ಹೆಡ್ ಆರ್ಟಿಸ್ಟ್ ಮೂರು ವಾರ ತಿಣುಕಿ ಬರೆದಿದ್ದ ಆ ಹೆಂಗಸಿನ ತಲೆ ಹೆಜ್ಜೆಗೊಮ್ಮೆ ಕುಣಿಯುತ್ತಿತ್ತು.

"ಹಂಗೆ ತಲೆ ಕುಣಿಸಿದ್ರೆ ಇಟ್ಟಿಗೆ ಕಾಲ್ಮೇಲೆ ಬೀಳುತ್ತೆ ಸಾರ್," ಅಂದೆ. "ಕತ್ತು ಅಲ್ಲಾಡಬಾರ್ದು. ಸೊಂಟ, ಮೊಣಕಾಲು ಮಾತ್ರ."

"ಓಹೋ, ಪಂಡಿತರು ಬಂದ್ರು! ನೀನೇ ಬರ್ಕೊಂಡ್ ಬಾ ಹೋಗು," ಎಂದು ಹೆಡ್ ಆರ್ಟಿಸ್ಟ್ ಹಲ್ಲು ಕಿರಿದ.

ಬರೆದುಕೊಂಡೇ ಹೋದೆ. ನನ್ನ ಮನೆಯಲ್ಲಿ ಗುಜರಿಯಿಂದ ತಂದ ಕಂಪ್ಯೂಟರ್ ಒಂದಿದೆ. ಚುಕ್ಕಿ ಜೋಡಿಸಿ ಚಿತ್ರ ಬರೆಯುವ ಉಚಿತ ಸಾಫ್ಟ್‌ವೇರ್ ಅದರಲ್ಲಿ ಓಡುತ್ತದೆ. ಯಾರೋ ಪುಣ್ಯಾತ್ಮರು ಮಾಡಿ ಜಗತ್ತಿಗೆಲ್ಲ ಬಿಟ್ಟುಕೊಟ್ಟದ್ದು. ನೀನು ಯಾರ ಮಗಳು, ಏನು ಓದಿದ್ದೀ ಎಂದು ಅದು ಕೇಳಲಿಲ್ಲ. ಹಿಂದಿನ ಚಿತ್ರ ಮಸುಕಾಗಿ ಕಾಣುತ್ತದೆ, ಅದರ ಮೇಲೆ ಮುಂದಿನ ಹೆಜ್ಜೆ ಬರೆಯಬೇಕು. ಎರಡು ವರ್ಷ ಕೂತು ಕಲಿತಿದ್ದೆ.

ಅವ್ವನನ್ನು ಎದುರಿಗೆ ನಡೆಸಿದೆ. ಮೂವತ್ತು ವರ್ಷ ಇಟ್ಟಿಗೆ ಹೊತ್ತವಳು ಅವಳು.

"ನನ್ನೇ ಬರೀತಿದ್ದೀಯೇನೇ? ಮೂಗು ಸ್ವಲ್ಪ ಸಣ್ಣದು ಮಾಡು."

"ನಿನ್ನ ಮೂಗು ಇರೋದೇ ಮೂರು ಚುಕ್ಕಿ, ಸುಮ್ನೆ ನಡಿಯವ್ವ."

ಮಾರನೆಯ ದಿನ ಅವ್ವ ಕಚೇರಿಯ ಪರದೆಯ ಮೇಲೆ ಕತ್ತು ಅಲ್ಲಾಡಿಸದೆ ನಡೆದಳು. ಧಣಿ ಚಿತ್ರಗಳಿದ್ದ ನನ್ನ ಪೆನ್‌ಡ್ರೈವನ್ನು ಜೇಬಿಗಿಳಿಸಿದ.

"ಬಿಟ್ಟಿ ಸಾಫ್ಟ್‌ವೇರಲ್ಲಿ ಬರೆದಿದ್ದು ತಾನೇ? ಹಂಗಾದ್ರೆ ಚಿತ್ರಾನೂ ಬಿಟ್ಟೀನೇ."

"ಬಾವಿ ಎಲ್ಲರದ್ದು ಸಾರ್. ಹಂಗಂತ ನಾನು ಸೇದಿ ಹೊತ್ತ ನೀರೂ ನಿಮ್ದಾ?"

"ಬಾಯ್ಮುಚ್ಚೇ ಮುಂಡೆ! ಕೆಲಸ ಬೇಕೋ ಬೇಡ್ವೋ?"

ಬೇಕಿತ್ತು. ಬಾಯಿ ಮುಚ್ಚಿದೆ. ಅದನ್ನು ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ.

ವಾರ ಕಳೆದ ಮೇಲೆ ಧಣಿಯೇ ಕರೆದ. ಆಟದಲ್ಲಿ ನಾಯಕ ಬಂದು ಅವ್ವನಿಗೆ ಒದೆಯುತ್ತಿದ್ದ. ಒದೆಗೆ ಹತ್ತು ಪಾಯಿಂಟ್.

"ಇವಳು ಉರುಳಿ ಬೀಳೋ ಆರು ಚಿತ್ರ ಬೇಕು. ಈ ಹೆಡ್ ಆರ್ಟಿಸ್ಟ್ ಬರೆದ್ರೆ ಮರದ ಕೊರಡು ಬಿದ್ದಂಗಿರುತ್ತೆ. ಆಟ ಕೊಂಡ್ಕೊಳ್ಳೋರು ನಾಳೆ ಬರ್ತಾರೆ. ನೋಡಿದೋರಿಗೆ ನಗು ಬರ್ಬೇಕು, ಹಂಗೆ ಬೀಳ್ಸು."

"ಅದು ನಮ್ಮವ್ವ ಸಾರ್."

"ಆಟ ಕಣೇ! ನಿನ್ನಪ್ಪನ ಗಂಟೇನ್ ಹೋಗುತ್ತೆ? ನಿಮ್ಮವ್ವ ಫೇಮಸ್ ಆಗ್ತಾಳೆ ಬಿಡು."

ಎಲ್ಲರೂ ನಕ್ಕರು.

ಮನೆಗೆ ಬಂದು ಆರು ಚಿತ್ರ ಬರೆದೆ. ಒದೆಯುವಾಗ ನಾಯಕನ ಕಾಲು ಎಲ್ಲಿಗೆ ಬರುತ್ತದೆಂದು ಚುಕ್ಕಿ ಎಣಿಸಿ ಬರೆದೆ. ಫೈಲುಗಳಿಗೆ ಅವರು ಹೇಳಿದ ಹೆಸರನ್ನೇ ಇಟ್ಟೆ. ಹೆಡ್ ಆರ್ಟಿಸ್ಟ್ ತೆರೆದೂ ನೋಡದೆ ಆಟಕ್ಕೆ ಸೇರಿಸಿದ. ಕಸದವಳ ಕೆಲಸವನ್ನು ಕೂತು ನೋಡುವುದು ಅವನ ಘನತೆಗೆ ಕಡಿಮೆ.

ಕೊಳ್ಳುವವರು ಬಂದು ಕುರ್ಚಿ ತುಂಬಿದರು. ಆಡಿ ತೋರಿಸಲು ಧಣಿಯೇ ಕೂತ. ನಾನು ಬಾಗಿಲಲ್ಲಿ ನಿಂತಿದ್ದೆ.

ನಾಯಕ ಒದ್ದ. ಅವ್ವ ಬೀಳಲಿಲ್ಲ. ಒಂದು ಕೈಯಲ್ಲಿ ಹೊರೆ ಹಿಡಿದು, ಇನ್ನೊಂದು ಕೈ ಚಾಚಿ, ಒದೆಯಲು ಬಂದ ಕಾಲನ್ನು ಗಬಕ್ಕನೆ ಹಿಡಿದಳು. ಹಿಡಿದುಕೊಂಡೇ ಕುರ್ಚಿಗಳ ಕಡೆ ತಿರುಗಿ ನೋಡಿದಳು.

ಕುರ್ಚಿಯಲ್ಲಿದ್ದ ಒಬ್ಬರು ಕಿಸಕ್ಕೆಂದರು. ಧಣಿಯ ಕಿವಿ ಕೆಂಪಾಯಿತು. "ಯಾವ ಬೇವರ್ಸಿ ಮಾಡಿದ್ದು ಇದನ್ನ?"

ಕೆಲಸ ಹೋಯಿತೆಂದು ಗೊತ್ತಿತ್ತು. "ನಾನೇ," ಅಂದೆ. "ಅವಳು ಬೀಳಲ್ಲ. ಬೇಕಾದ್ರೆ ಇನ್ನೊಂದ್ಸಲ ಒದ್ದು ನೋಡಿ."

ಧಣಿ ಗುಂಡಿ ಕುಟ್ಟಿದ. ಅವ್ವ ಕಾಲು ಹಿಡಿದಳು. ಹಲ್ಲು ಕಚ್ಚಿ ಮತ್ತೆ ಕುಟ್ಟಿದ. ಅವ್ವ ಮತ್ತೆ ಹಿಡಿದಳು.