ಅಕ್ಕನ ಅಳತೆ

ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ಹೇಳುವವರಿಗೇನು, ಅವರು ಯಾರಿಗೂ ಎರಡನೆಯ ಹೆಂಡತಿಯಲ್ಲ. ನಾನು ಟೈಲರಿಗೆ ಎರಡನೆಯ ಹೆಂಡತಿ. ಮೊದಲನೆಯವಳನ್ನು ನಾನು ಕಂಡವಳೇ ಅಲ್ಲ, ಆದರೂ ಅಕ್ಕ ಎನ್ನಬೇಕು. ಅತ್ತೆಯ ಬಾಯಲ್ಲಿ ದಿನಾ ಅವಳದೇ ಜಪ: ಅವಳ ಕೈರುಚಿ, ಅವಳ ತಾಳ್ಮೆ, ಅವಳ ನಗು. ಕೇಳಿ ಕೇಳಿ ನನ್ನ ಕಿವಿ ತೂತುಬಿದ್ದಿದೆ.

ನನ್ನವರು ಮಾತ್ರ ಅವಳ ಹೆಸರೆತ್ತುತ್ತಿರಲಿಲ್ಲ. ನನಗೆ ಅದೊಂದೇ ಸಮಾಧಾನವಾಗಿತ್ತು.

ಈ ಚಳಿಗಾಲಕ್ಕೆ ನನಗೊಂದು ಕೋಟು ಹೊಲಿದುಕೊಟ್ಟರು. ಊರವರನ್ನೆಲ್ಲ ಟೇಪು ಹಿಡಿದು ಅಳೆಯುವ ಮನುಷ್ಯ, ಮನೆಯವರ ಬಟ್ಟೆಗೆ ಮಾತ್ರ ಟೇಪು ಮುಟ್ಟುವುದಿಲ್ಲ. ಕಣ್ಣಳತೆಯೇ ಸಾಕೆಂಬ ಜಂಬ. ಹಿಗ್ಗಿ ಹೀರೇಕಾಯಿಯಾಗಿ ಹಾಕಿಕೊಂಡೆ. ತೋಳು ಬೆರಳ ತುದಿಯವರೆಗೆ ಬಂತು. ಸೊಂಟದ ಹತ್ತಿರ ಗುಂಡಿ ಹಾಕಲು ಆಗಲೇ ಇಲ್ಲ.

ಅತ್ತೆ ನೋಡಿ ಕಣ್ಣೊರೆಸಿಕೊಂಡರು. "ಅಯ್ಯೋ, ಇದು ಅವಳ ಅಳತೆ ಕಣೇ. ಉದ್ದಕ್ಕೆ, ತೆಳ್ಳಗೆ ಇದ್ಲು."

ಮೈಯೆಲ್ಲ ಉರಿದುಹೋಯಿತು. ನನ್ನವರ ಬಾಯಿಗೆ ಬಾರದವಳು ಅವರ ಕೈಯಲ್ಲಿ ಬೆಚ್ಚಗೆ ಕೂತಿದ್ದಳಲ್ಲ! ಕೋಟನ್ನು ಮುದುರಿಕೊಂಡು ನೆಟ್ಟಗೆ ಅಂಗಡಿಗೆ ನಡೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎಸೆದೆ.

"ಇದು ಯಾರಿಗೆ ಹೊಲ್ದಿದ್ದು?"

ಬಿಡಿಸಿ ನೋಡಿದರು. ಮುಖ ಬಿಳಿಚಿಕೊಂಡಿತು. "ನಿನಗೇ ಕಣೇ. ನಿನ್ನನ್ನ ನೆನೆಸ್ಕೊಂಡೇ ಕತ್ತರಿ ಹಾಕ್ದೆ. ಕೈ ಹಳೇ ದಾರಿ ಹಿಡೀತು."

"ನೆನೆಸ್ಕೊಳ್ಳೋಕೆ ನಾನೇನು ಸತ್ತಿದೀನಾ? ಎದುರಿಗೇ ಇದೀನಿ. ಟೇಪು ತಗೊಳ್ಳಿ."

ಟೇಪು ತೆಗೆದುಕೊಂಡರು. ಕತ್ತು ಆಯಿತು, ಬೆನ್ನು ಆಯಿತು. ಭುಜಕ್ಕೆ ಬಂದಾಗ ಕೈ ನಿಂತಿತು.

"ನಿನ್ನ ಎಡಭುಜ ಒಂಚೂರು ಇಳಿದಿದೆ. ಇಷ್ಟು ದಿನ ನೋಡೇ ಇಲ್ವಲ್ಲ ನಾನು."

ನನಗೂ ಗೊತ್ತಿರಲಿಲ್ಲ. ಸೊಟ್ಟ ಭುಜಕ್ಕೆ ಯಾರಾದರೂ ಇಷ್ಟು ಸಂಭ್ರಮಪಡುತ್ತಾರೆಯೇ? ನಾನು ಪಟ್ಟೆ. ಅದು ನನ್ನದೊಬ್ಬಳದೇ ಭುಜ.

ಟೇಪು ಸೊಂಟ ಸುತ್ತಿತು. ಸುಮ್ಮನಿರಬೇಕಿತ್ತು. ಈ ಹಾಳು ನಾಲಿಗೆ!

"ಅಕ್ಕಂದು ಎಷ್ಟಿತ್ತು?"

ಅವರ ಹಿಡಿತ ಸಡಿಲವಾಯಿತು, ನೋಟ ಎಲ್ಲೋ ಹೋಯಿತು. ಅಲ್ಲಿಯವರೆಗೆ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅವಳನ್ನು ಕರೆತಂದದ್ದು ನಾನೇ. ಹೇಳಲು ಬಾಯಿ ತೆರೆದರು. ಕೇಳಬೇಕೆಂಬ ಆಸೆ ನನ್ನ ಹೊಟ್ಟೆಯೊಳಗೆ ಧಗಧಗ ಉರಿಯುತ್ತಿತ್ತು.

"ಬೇಡ, ಹೇಳ್ಬೇಡಿ," ಎಂದು ಕೈ ಚಾಚಿದೆ. "ತೋಳು ಬಾಕಿ ಇದೆ. ಅಳೀರಿ."