ಹೊಳೆಯಪ್ಪನ ಬಾಜಾ

ಟಿವಿಯೊಳಗೆ ಹೊಳೆಯಪ್ಪ ಕೆಂಪು ಕೋಟಿನ ಜೇಬಿಗೆ ಕೈಹಾಕಿ ಎಲೆ ಅಡಿಕೆ ತೆಗೆದ. ಒಂದೇ ಕೈಯಲ್ಲಿ ಮಡಚಿ ದವಡೆಗೆ ಒತ್ತಿಕೊಂಡ, ಸಾವಕಾಶ ಅಗಿದ, ಆಮೇಲೆ ಹಿತ್ತಾಳೆ ಬಾಜಾದ ಬಾಯಿಗೆ ತನ್ನ ಬಾಯಿ ಹಚ್ಚಿದ. ಅಷ್ಟೂ ಹೊತ್ತು ಬಾಜಾ ಮಾತ್ರ ಭೊಂ ಭೊಂ ಎಂದು ನುಡಿಯುತ್ತಲೇ ಇತ್ತು.

ಹೊಳೆಯಪ್ಪನ ಹೆಂಡತಿ ಮೈಲಾರವ್ವನ ಎದೆ ಧಸಕ್ಕೆಂದಿತು. ಕುಬೇರಪ್ಪನವರ ಪಡಸಾಲೆಯಲ್ಲಿ ಹೆಂಗಸರ ನಡುವೆ ಕುಳಿತಿದ್ದವಳು ಆಚೆ ಈಚೆ ನೋಡಿದಳು. ಯಾರ ಮುಖದಲ್ಲೂ ಏನೂ ಇರಲಿಲ್ಲ. ಎಲ್ಲರೂ ಟಿವಿಯೊಳಗೆ ತಮ್ಮನ್ನೇ ಹುಡುಕಿಕೊಳ್ಳುತ್ತಿದ್ದರು. "ಅಕಾ, ನನ್ನ ಸೆರಗು ಬಂತು ನೋಡ" ಎಂದು ಒಬ್ಬಳು, "ಸೆರಗು ಬಂದ್ರ ಏನ್ ಮಾಡ್ತಿ, ಮಾರಿ ಬರಲಿಲ್ಲಲ್ಲ" ಎಂದು ಇನ್ನೊಬ್ಬಳು. ಬ್ಯಾಂಡಿನವರ ಕಡೆ ಯಾರ ಲಕ್ಷ್ಯ?

ಗುಡಗೇರಿಯಲ್ಲಿ ವಿಡಿಯೋ ತೆಗೆಸಿದ ಮೊದಲ ಮದುವೆ ಅದು. ಕಾಳಿನ ವ್ಯಾಪಾರದ ಕುಬೇರಪ್ಪ ಮಗನ ಮದುವೆಗೆ ಹುಬ್ಬಳ್ಳಿಯಿಂದ ಕ್ಯಾಮೆರಾದವನನ್ನು ಕರೆಸಿದ್ದ. ಈಗ ಕ್ಯಾಸೆಟ್ ಬಂದಿತ್ತು. ಅದರ ಹಿಂದೆ ಬಾಡಿಗೆಯ ಟಿವಿ, ವಿಸಿಆರ್ ಬಂದಿದ್ದವು. ಅವನ್ನು ಯಾರೂ ಮುಟ್ಟದಂತೆ ಕಾಯಲು ಆ ಕ್ಯಾಮೆರಾದವನ ಕಡೆಯ ಸಿರಾಜುದ್ದೀನ ಎಂಬ ಆಪರೇಟರ್ ಕೂಡ ಬಂದಿದ್ದ. ರವಿವಾರ ಮಧ್ಯಾಹ್ನ ಊಟವಾದದ್ದೇ ಕಿಟಕಿ ಬಾಗಿಲು ಹಾಕಿ, ಇದ್ದಬದ್ದ ಜಮಖಾನೆಗಳನ್ನೆಲ್ಲ ಹಾಸಿ ಓಣಿಯವರನ್ನೆಲ್ಲ ಕೂರಿಸಿದ್ದರು. ದಿನಾ ಆ ಮನೆಗೆ ಕಾಳು ಹಸನು ಮಾಡಲು ಬರುವ ಮೈಲಾರವ್ವ ಅವತ್ತು ತಲೆಗೆ ಎಣ್ಣೆ ಹಚ್ಚಿ ಬಾಚಿ, ಇಳಕಲ್ ಸೀರೆ ಉಟ್ಟು, ಬ್ಯಾಂಡಿನವನ ಹೆಂಡತಿಯಾಗಿ ಬಂದಿದ್ದಳು. ಯಾರೂ ಹೇಳದಿದ್ದರೂ ಮುಂದಿನ ಸಾಲಿನಲ್ಲೇ ಕುಳಿತಿದ್ದಳು.

ಗಂಡನಿದ್ದ ಮುದಕಪ್ಪ ಮಾಸ್ತರನ ಬ್ಯಾಂಡ್ ಎಂದರೆ ಅವಳಿಗೆ ಜೀವ. ಸುತ್ತಲ ಊರಲ್ಲಿ ಎಲ್ಲೇ ಮದುವೆಯಾಗಲಿ, ಕರೆಯಲಿ ಬಿಡಲಿ, ನಡೆದು ಹೋಗುವಷ್ಟು ದೂರವಿದ್ದರೆ ಹೋಗಿಯೇ ತೀರುವಳು. ಬೇರೆ ಬ್ಯಾಂಡಿನವರು ಊದಿದರೆ "ಕೊಡಪಾನ ಉಳ್ಳಿಸಿದಂಗ ಆಗ್ತೈತಿ" ಎಂದು ಮೂಗು ಮುರಿಯುವಳು. ಆದರೆ ಮೆರವಣಿಗೆಯಲ್ಲಿ ಬ್ಯಾಂಡು ಮುಂದೆ, ಅದರ ಸುತ್ತ ಕುಣಿಯುವ ಗಂಡಸರು, ನಡುವೆ ಕುದುರೆಯ ಮೇಲೆ ಮದುಮಗ. ಹೆಂಗಸರು ಆರತಿ ಹಿಡಿದುಕೊಂಡು ಎಲ್ಲರಿಗಿಂತ ಹಿಂದೆ. ಹೀಗಾಗಿ ಅವಳು ಬ್ಯಾಂಡನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಮಾಸ್ತರನ ಕ್ಲಾರಿನೆಟ್ ಮೇಲೆ ಕುಣಿಯುತ್ತಿದ್ದರೆ ಕೆಳಗೆ ನೆಲದೊಳಗಿಂದ ಎದ್ದು ಬಂದಂತೆ ಭೊಂ ಭೊಂ ಎನ್ನುವ ಒಂದು ದನಿ. ಅದು ಕೇಳಿದ್ದೇ ತಡ, ಬಾಜು ನಿಂತವಳನ್ನು ಮೊಣಕೈಯಿಂದ ತಿವಿದು ಹೇಳುವಳು: "ಅದು ನಮ್ಮವರದು."

ಅಂಥ ಬಾಜಾ ಆ ಬ್ಯಾಂಡಿನಲ್ಲಿ ಎರಡಿದ್ದವು. ಒಂದು ಹೊಳೆಯಪ್ಪನ ಹೆಗಲ ಮೇಲೆ, ಇನ್ನೊಂದು ಅಕ್ಬರಸಾಬನ ಹೆಗಲ ಮೇಲೆ. ಮೈಲಾರವ್ವ ಅಕ್ಬರಸಾಬನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಈಗ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗಂಡ ಒಂದಿಷ್ಟು ದಣಿವಾರಿಸಿಕೊಂಡಿರಬೇಕು, ಅಷ್ಟು ಹೊತ್ತು ಅಕ್ಬರಸಾಬ ಹಿಡಿದಿರಬೇಕು. ಅದರಲ್ಲೇನು ತಪ್ಪು? ಆದರೂ ಒಳಗೊಂದು ಹುಳ ಹೊಕ್ಕಿಬಿಟ್ಟಿತ್ತು. ಎರಡು ಬಾಜಾದಲ್ಲಿ ಒಂದು ಸುಮ್ಮನಾದರೆ ದನಿ ಒಂದಿಷ್ಟಾದರೂ ಇಳಿಯಬೇಕಲ್ಲ? ಹಿಂದಿರುಗಿ ಬಾಗಿಲ ಕಡೆ ನೋಡಿದಳು. ಗಂಡಸರ ಸಾಲಿನ ಕೊನೆಗೆ ಕಂಬಕ್ಕೆ ಒರಗಿ ಕುಳಿತಿದ್ದ ಹೊಳೆಯಪ್ಪ ಟಿವಿ ನೋಡುತ್ತಿರಲಿಲ್ಲ. ತನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದ. ಜೀವಮಾನದಲ್ಲಿ ಮೊದಲ ಸಲ ಟಿವಿಯೊಳಗೆ ಬಂದವನು ಹೆಬ್ಬೆರಳು ಯಾಕೆ ನೋಡಬೇಕು?

ಕ್ಯಾಸೆಟ್ ಮುಗಿಯಿತು. ಕುಬೇರಪ್ಪನ ಹೆಂಡತಿ ಸುಶೀಲವ್ವ ಎಲ್ಲರಿಗೂ ಚಹಾ ಕೊಡಿಸುತ್ತಿದ್ದಾಗ ಮೈಲಾರವ್ವ ಸೆರಗು ಸರಿಮಾಡಿಕೊಂಡು ಆಪರೇಟರನ ಹತ್ತಿರ ಹೋದಳು.

"ಏನ್ರಿ ಸಾಹೇಬ್ರ, ಈ ಮಷೀನಿನಾಗ ದನಿ ಹಿಂದ ಮುಂದ ಆಗ್ತೈತೇನ್ರಿ?"

"ಯಾಕ್ರಿ ಅಕ್ಕಾರ?"

"ಅಲ್ಲ, ಬ್ಯಾಂಡಿನ ದನಿ ಒಂದು ಕಡೆ, ಮನಷ್ಯಾರು ಒಂದು ಕಡೆ ಕಂಡಂಗಾತು. ಮ್ಯಾಲೆ ಬ್ಯಾರೆ ಯಾರದರ ದನಿ ಹಚ್ಚೀರೇನು?"

ಸಿರಾಜುದ್ದೀನ ನಕ್ಕ. "ಮಾಂಗಲ್ಯದ ಮುಂದ ಒಂದು ಸಿನಿಮಾ ಹಾಡು ಹಚ್ಚೇವ್ರಿ, ಅಷ್ಟ. ಮೆರವಣಿಗಿದು ಹೆಂಗಿತ್ತೋ ಹಂಗ ಐತಿ. ಅದಕ್ಕ ನಾವು ಕೈ ಹಚ್ಚಿಲ್ಲ."

ಅವಳಿಗೆ ಆ ನಗು ಸೇರಲಿಲ್ಲ. ಊರೂರು ತಿರುಗಿ ಜನರ ಮುಖ ಡಬ್ಬಿಯಲ್ಲಿ ತುಂಬಿಕೊಂಡು ಹೋಗುವವನ ಮಾತು ಹೇಗೆ ನಂಬುವುದು? ಆ ವಿಡಿಯೋ ಬಗ್ಗೆಯೇ ಅವಳಿಗೆ ಸಿಟ್ಟು ಬಂತು. ತನ್ನ ಬ್ಯಾಂಡು ಅದರೊಳಗೆ ಅಂಗೈಯಗಲ ಕಾಣುತ್ತಿತ್ತು, ಡೋಲಿನ ಏಟು ತಗಡು ಬಡಿದಂತೆ ಕೇಳುತ್ತಿತ್ತು. ಆದರೂ ಎಂಥ ಚಂದ ಕಾಣುತ್ತಿತ್ತು ಆ ಕೆಂಪು ಕೋಟುಗಳ ಸಾಲು! ಇನ್ನೊಮ್ಮೆ ನೋಡಬೇಕು ಎಂಬ ಆಸೆ, ನೋಡಬಾರದು ಎಂಬ ಅಂಜಿಕೆ, ಎರಡೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ಸುಶೀಲವ್ವನ ತವರಿನವರು ಸಂಶಿಯಿಂದ ಬಂದಿಳಿದರು. ಅವರ ಸಲುವಾಗಿ ಕ್ಯಾಸೆಟ್ಟನ್ನು ಮತ್ತೆ ಮೊದಲಿನಿಂದ ಹಚ್ಚಿದರು. ಈ ಸಲ ಮೈಲಾರವ್ವ ಕಣ್ಣು ಮಾತ್ರವಲ್ಲ, ಕಿವಿಯನ್ನೂ ನಿಮಿರಿಸಿ ಕುಳಿತಳು. ಗಂಡ ಎಲೆ ಹಾಕಿಕೊಂಡ. ದನಿ ಎಳ್ಳಷ್ಟೂ ಇಳಿಯಲಿಲ್ಲ. ಬಾಯಿ ಹಚ್ಚಿದ. ಎಳ್ಳಷ್ಟೂ ಏರಲಿಲ್ಲ. ಮುಂದೆ ಬಸ್ ಸ್ಟ್ಯಾಂಡಿನ ತಿರುವು ಬಂತು. ಅಲ್ಲಿ ಅಕ್ಬರಸಾಬ ಬಾಜಾದಿಂದ ಬಾಯಿ ತೆಗೆದು, ಕೊರಳಿಗೆ ಸುತ್ತಿದ್ದ ಅರಿವೆಯಿಂದ ಮುಖದ ಬೆವರು ಒರೆಸಿಕೊಂಡ.

ಭೊಂ ಭೊಂ ನಿಂತುಹೋಯಿತು.

ಹೊಳೆಯಪ್ಪನ ಬಾಯಿ ಬಾಜಾಕ್ಕೆ ಹಚ್ಚಿಯೇ ಇತ್ತು. ಬೆರಳುಗಳು ಗುಂಡಿಗಳ ಮೇಲೆ ಆಡುತ್ತಲೇ ಇದ್ದವು. ಡೋಲು, ಕ್ಲಾರಿನೆಟ್ ಎಲ್ಲ ಕೇಳುತ್ತಿದ್ದವು, ನೆಲದೊಳಗಿನ ಆ ದನಿಯೊಂದೇ ಇರಲಿಲ್ಲ. ಅಕ್ಬರಸಾಬ ಅರಿವೆ ಹೆಗಲಿಗೆ ಹಾಕಿ ಮತ್ತೆ ಬಾಯಿ ಹಚ್ಚಿದ ಮೇಲೆಯೇ ಅದು ತಿರುಗಿ ಎದ್ದಿತು.

ಮೈಲಾರವ್ವನಿಗೆ ಒಂದೊಂದೇ ನೆನಪಾಗತೊಡಗಿದವು. ಮಗಳ ಹೆಸರಿಡುವ ದಿನ ಒಂದು ಹಾಡು ಊದಿರಿ ಎಂದರೆ ಗಂಡ "ಮಾಸ್ತರ ಬಾಜಾ ಮನಿಗೆ ಒಯ್ಯಾಕ ಬಿಡಾಂಗಿಲ್ಲ" ಎಂದಿದ್ದ. ಮಾಸ್ತರನ ತುಟಿಯ ಮೇಲೆ ಊದಿ ಊದಿ ಆದ ಗುರುತಿತ್ತು. ಇವನ ತುಟಿ ನುಣ್ಣಗೆ. ಇವನ ಹೆಗಲ ಮೇಲೆ ಮಾತ್ರ ಬಾಜಾದ ಭಾರಕ್ಕೆ ಕಪ್ಪುಗಟ್ಟಿದ ಬರೆ. ಆ ಬರೆಗೆ ಎಣ್ಣೆ ತಿಕ್ಕುತ್ತ ಅವಳು ಹೆಮ್ಮೆಪಟ್ಟಿದ್ದಳು, ತುಟಿಯ ಕಡೆ ನೋಡಿರಲಿಲ್ಲ. ಇಷ್ಟು ವರ್ಷ ಊರೂರು ಅಲೆದು, ಬಾಜು ನಿಂತವರನ್ನು ತಿವಿದು ತಿವಿದು ಕೇಳಿಸಿದ್ದು ಅಕ್ಬರಸಾಬನ ಉಸಿರು. ಸಿಟ್ಟಿಗಿಂತ ಮೊದಲು ನಾಚಿಕೆ ಬಂತು ಅವಳಿಗೆ.

ಆಗ ಬಾಗಿಲು ಸರಿಸಿಕೊಂಡು ಅವಳ ಅಣ್ಣ ಕನಕಪ್ಪ ಒಳಗೆ ಬಂದ. ಹೊಲದಿಂದ ನೇರ ಬಂದಿದ್ದ.

ಈ ಕನಕಪ್ಪನ ಸಂಗತಿ ಹೇಳಲೇಬೇಕು. ತಂಗಿಗೆ ಅವನು ನೋಡಿದ ಗಂಡು ಬೇರೆ ಇತ್ತು. ಎತ್ತು ಬಂಡಿ ಇದ್ದ ಮನೆತನ. ಇವಳೋ ಕೆಂಪು ಕೋಟು ತೊಟ್ಟ ಎತ್ತರದ ಹೊಳೆಯಪ್ಪನನ್ನು ಒಂದು ಮದುವೆಯಲ್ಲಿ ನೋಡಿ, ಮಾಡಿಕೊಂಡರೆ ಅವನನ್ನೇ ಎಂದು ಊಟ ಬಿಟ್ಟು ಕುಳಿತಿದ್ದಳು. ಅಂದಿನಿಂದ ಕನಕಪ್ಪ ಸಿಕ್ಕಲ್ಲೆಲ್ಲ ಚುಚ್ಚುವುದು, ಇವಳು ಸಿಕ್ಕಲ್ಲೆಲ್ಲ ಗಂಡನ ಬಾಜಾ ಹೊಗಳುವುದು, ಇದೇ ನಡೆದಿತ್ತು. ಇವತ್ತಿನ ಸಂಗತಿ ಅವನ ಕಣ್ಣಿಗೆ ಬಿದ್ದರೆ ಅವಳು ತವರಿನ ಹೊಸ್ತಿಲಲ್ಲಿ ತಲೆ ಎತ್ತುವಂತಿರಲಿಲ್ಲ.

"ಎಲ್ಲಿತನಕ ಬಂತು?" ಎಂದು ಕನಕಪ್ಪ ಟಿವಿಯ ಮುಂದೆಯೇ ಕುಳಿತ. "ಬ್ಯಾಂಡ ಬಂದು ಹೋತೇನು? ಸಾಹೇಬ್ರ, ಒಂದೀಟು ಹಿಂದಕ್ಕ ತಿರವ್ರಿ. ನಮ್ಮ ಹೊಳೆಪ್ಪ ಹೆಂಗ ಊದ್ಯಾನ ನೋಡೂಣು. ಮಂದಿ ಒಂದೊಂದು ಅಂತಾರ, ಕಣ್ಣಿಲೇ ನೋಡಿಬಿಟ್ರ ಮುಗೀತು."

ಮಂದಿ ಏನಂತಾರೆ? ಯಾರಂತಾರೆ? ಮೈಲಾರವ್ವ ಅಣ್ಣನ ಮುಖ ನೋಡಿದಳು. ಅವನ ಕಣ್ಣಲ್ಲಿ ನಗುವಿತ್ತು, ಆ ನಗುವಿನ ಹಿಂದೆ ಇನ್ನೇನೋ ಇತ್ತು. ಇವನಿಗೆ ಗೊತ್ತಿದೆ ಅನ್ನಿಸಿತು. ಬಹುಶಃ ಊರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೇ ಗೊತ್ತಿರಲಿಲ್ಲ.

ಸಿರಾಜುದ್ದೀನ ಗುಂಡಿ ಒತ್ತಿದ. ಟಿವಿಯೊಳಗೆ ಬ್ಯಾಂಡಿನವರೆಲ್ಲ ಬೆನ್ನ ಹಿಂದಕ್ಕೆ ಓಡಿದರು, ನಿಂತರು, ಮತ್ತೆ ಮುಂದೆ ನಡೆದರು. ಕೆಂಪು ಕೋಟುಗಳು ಹತ್ತಿರ ಬಂದವು. ಕ್ಯಾಮೆರಾ ಹೊಳೆಯಪ್ಪನ ಮೇಲೆ ಬಂತು. ಅವನ ಕೈ ಜೇಬಿನ ಕಡೆ ಹೊರಟಿತು.

ಮೈಲಾರವ್ವ ಎದ್ದು ನಿಂತಳು. ನೀರಿನ ತಂಬಿಗೆ ತರುವವಳಂತೆ ಟಿವಿಯ ಮುಂದೆ ಬಂದು, ನಡುವೆ ಬೆಳ್ಳಿ ಕಾಲುಂಗುರ ಸಡಿಲಾಯಿತೇನೋ ಎಂಬಂತೆ ಬಗ್ಗಿದಳು. ಇಳಕಲ್ ಸೀರೆಯ ತುಂಬು ಸೆರಗು ಪಡದೆಯಂತೆ ಹರಡಿಕೊಂಡಿತು.

"ಸರೀಬೇ ಮೈಲಾರವ್ವ, ಕಾಣವಲ್ದು" ಎಂದರು ಹಿಂದಿನವರು.

"ಸರಿತೇನಿ ತಡೀರಿ. ಕಾಲುಂಗರಾ ಕಳಚಿತು."

"ಏ ತಂಗಿ, ಎದ್ದೇಳ. ಆಮ್ಯಾಲೆ ಹುಡುಕುವಂತಿ" ಎಂದ ಕನಕಪ್ಪ.

"ಬೆಳ್ಳಿದೈತಣ್ಣ. ಆಮ್ಯಾಲೆ ಸಿಗ್ತೈತೇನು?"

ಬಗ್ಗಿಕೊಂಡೇ ಅವಳು ಕಿವಿಯಿಂದ ಮೆರವಣಿಗೆ ನಡೆಸಿದಳು. ಇಗೋ ಎಲೆ ಅಗಿದ. ಇಗೋ ತಿರುವು. ಇಗೋ ಅಕ್ಬರಸಾಬ ನಿಂತ. ಇಗೋ ಹಚ್ಚಿದ. ಭೊಂ ಎಂದದ್ದು ಕೇಳಿದ ಮೇಲೆಯೇ "ಸಿಕ್ತು" ಎಂದು ಎದ್ದಳು. ಎದ್ದಾಗ ಬಾಗಿಲ ಕಂಬದ ಕಡೆ ಕಣ್ಣು ಹೋಯಿತು. ಹೊಳೆಯಪ್ಪ ಈಗ ಹೆಬ್ಬೆರಳು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ.

ಕನಕಪ್ಪ ಇನ್ನೊಮ್ಮೆ ತಿರುವಿಸಿ ಎನ್ನುವಷ್ಟರಲ್ಲಿ ಪುಣ್ಯಕ್ಕೆ ಕರೆಂಟು ಹೋಯಿತು.

ಮರುದಿನ ಬೆಳಿಗ್ಗೆ ಕುಂದಗೋಳದಲ್ಲಿ ಮದುವೆಯಿತ್ತು. ಮೈಲಾರವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳದಲ್ಲೇ ಅವಳ ಸಿಟ್ಟೆಲ್ಲ ಕೇಳುತ್ತಿತ್ತು. ಹೊಳೆಯಪ್ಪ ಕೋಟು ತೊಟ್ಟು ಬಂದು ಗೋಡೆಗೆ ಒರಗಿ ನಿಂತ.

"ಒಮ್ಮೆರ ಊದೀರೇನು?" ಎಂದಳು, ತಲೆ ಎತ್ತದೆ.

"ಮದಲನೇ ವರ್ಷ ಊದಿ ನೋಡಿದೆ. ಗಾಳಿ ಹೊಕ್ಕೈತಿ, ದನಿ ಹೊರಡಾಂಗಿಲ್ಲ. ಮಾಸ್ತರ ಅಂದ, ಎತ್ತರ ಆಳು ಅದಿ, ಕೋಟು ಒಪ್ಪತೈತಿ, ನೀ ನಿಂತ್ರ ಬ್ಯಾಂಡು ತುಂಬಿದಂಗ ಕಾಣ್ತೈತಿ, ಸುಮ್ನ ಹೊತ್ಕೊಂಡು ನಡಿ ಅಂತ." ಸ್ವಲ್ಪ ತಡೆದು ಹೇಳಿದ: "ಹೊರೂದು ಮಾತ್ರ ಖರೇನ ಹೊತ್ತೇನಿ."

"ನನ್ನ ಮುಂದ ಯಾಕ ಹೇಳಲಿಲ್ಲ?"

"ಹೇಳಬೇಕಂತನ ಬರ್ತಿದ್ದೆ. ನಾ ಹೊಸ್ತಿಲಾ ದಾಟೂದ್ರಾಗ ನೀನ ಅಂತಿದ್ದಿ, ಇವತ್ತ ನಿಮ್ದು ಭಾಳ ಚಂದ ಕೇಳಸ್ತು ಅಂತ."

ರೊಟ್ಟಿ ಬಡಿಯುವ ಕೈ ನಿಂತಿತು. ಹಂಚಿನ ಮೇಲಿನದು ಒಂದು ಮಗ್ಗುಲು ಸೀದಿತು, ಅವಳು ತೆಗೆಯಲಿಲ್ಲ. ಅಳು ಬಂತು, ಹೊಗೆಯ ಮೇಲೆ ಹಾಕಿ ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಎದ್ದು ಬಂದು ಗಂಡನ ಕೋಟಿನ ಜೇಬಿಗೆ ಕೈಹಾಕಿ ಎಲೆ ಅಡಿಕೆಯ ಚೀಲ ಹೊರಗೆ ತೆಗೆದಳು. ಅದನ್ನು ಗೋಡೆಯ ಗೂಡಿನಲ್ಲಿಟ್ಟಳು.

"ಇದನ್ನ ಇಲ್ಲೇ ಬಿಟ್ಟು ಹೋಗ್ರಿ. ಇನ್ನ ಎಲ್ಲಾರ ಮದಿವ್ಯಾಗೂ ವಿಡಿಯೋ ತಗಿಸ್ತಾರ."

ಹೊಳೆಯಪ್ಪ ತಲೆದೂಗಿದ.

"ಮತ್ತ ಅಕ್ಬರಸಾಬನ ಮ್ಯಾಲೆ ಕಣ್ಣಿರಲಿ. ಅಂವ ಬಾಯಿ ತಗದ್ರ ನೀವೂ ತಗೀರಿ." ಒಲೆಯ ಕಡೆ ತಿರುಗಿದವಳು ಅಲ್ಲಿಂದಲೇ ಸಣ್ಣ ದನಿಯಲ್ಲಿ ಹೇಳಿದಳು: "ಚೊಲೋ ಊದ್ತಾನಂತ ಅವಗ ಹೇಳ್ರಿ. ಯಾರಂದ್ರು ಅಂತ ಹೇಳಬ್ಯಾಡ್ರಿ."

ಹೊಳೆಯಪ್ಪ ಹೊರಡಲಿಲ್ಲ. ಗೋಡೆಗೆ ತೂಗುಹಾಕಿದ್ದ ಸಣ್ಣ ಕನ್ನಡಿಯ ಮುಂದೆ ನಿಂತು ಎರಡೂ ಕೈ ಎದೆಯ ಮುಂದೆ ಹಿಡಿದು ಗಲ್ಲ ಉಬ್ಬಿಸಿದ. ಕನ್ನಡಿಯಲ್ಲಿ ನೋಡಿಕೊಂಡ. ಆಮೇಲೆ ಹಾಗೆಯೇ ಹೆಂಡತಿಯ ಕಡೆ ತಿರುಗಿ, ಸಾಕೇ ಎನ್ನುವಂತೆ ಹುಬ್ಬು ಏರಿಸಿದ.

ಮೈಲಾರವ್ವ ಹತ್ತಿರ ಬಂದಳು. ಹಿಟ್ಟು ಮೆತ್ತಿದ ಬೆರಳಿನಿಂದ ಅವನ ಗಲ್ಲ ಒತ್ತಿ ನೋಡಿದಳು.

"ಇನ್ನೊಂಚೂರು" ಎಂದಳು.